ಕಂಕಣದ ಕೈಯಲ್ಲಿ ಸ್ಟಿಯರಿಂಗ್

ಗಾಡಿಯ ಎಡಗಡೆಯ ಮುಂದಿನ ಚಕ್ರ ಗಾಳಿಯಲ್ಲಿತ್ತು. ಬಲಗಡೆಯ ಹಿಂದಿನ ಚಕ್ರವೂ ಗಾಳಿಯಲ್ಲಿತ್ತು. ಒಳಗೆ ಕುಳಿತಿದ್ದ ಸ್ನೇಹಲತಾಳ ಜೀವ ಕೂಡ ಹೆಚ್ಚು ಕಡಿಮೆ ಅಲ್ಲೇ ಇತ್ತು!

ಅವಳು ಆಕ್ಸಿಲರೇಟರ್ ಒತ್ತಿದಳು. ಎಂಜಿನ್ ಕೂಗಿಕೊಂಡಿತು. ಮೇಲಿದ್ದ ಎರಡು ಚಕ್ರಗಳು ಗರಗರ ತಿರುಗಿದವು. ನೆಲದ ಮೇಲಿದ್ದ ಎರಡು ಮಾತ್ರ ತಮಗೂ ಈ ಕೆಲಸಕ್ಕೂ ಸಂಬಂಧವೇ ಇಲ್ಲವೆಂಬಂತೆ ಸುಮ್ಮನಿದ್ದವು.

"ಮೇಡಂ, ಛೋಡಿಯೇ... ಆಕ್ಸಿಲರೇಟರ್ ಛೋಡಿಯೇ!"

ಹೊರಗಿನಿಂದ ಯಾರೋ ಹಿಂದಿಯಲ್ಲಿ, ಬಿಡಿ ಬಿಡಿ ಎಂದು ಕೂಗಿದರು. ಸ್ನೇಹಲತಾ ಕಾಲು ತೆಗೆದಳು. ದೂರದಲ್ಲಿ ಅಪ್ಪ ಅಮರೇಶಪ್ಪ ಟೋಪಿ ತೆಗೆದು ತಲೆ ಒರೆಸಿಕೊಳ್ಳುತ್ತಿದ್ದುದು ಕಾಣಿಸಿತು.

"ಯವ್ವಾ... ಅಪ್ಪನ ಮುಂದ ಮಾನಾ ಹೋತು," ಎಂದು ಗೊಣಗಿದಳು.

ಕಿಟಕಿಯ ಹತ್ತಿರ ಬಂದವನು ಥಟ್ಟನೆ ನಿಂತ.

"ಕನ್ನಡದವ್ರೇನ್ರಿ?"

ಅವಳು ತಲೆಯೆತ್ತಿದಳು. ಬಿಸಿಲಿಗೆ ಕಂದಿದ ಮುಖ, ಮೊಣಕೈವರೆಗೆ ಮಡಚಿದ ಅಂಗಿ, ಕಣ್ಣಲ್ಲಿ ನಗು. ಎದೆಯ ಮೇಲಿನ ಬಿಲ್ಲೆಯಲ್ಲಿ ಗುರುಶಾಂತ ಎಂಬ ಹೆಸರು.

"ಹೌದ್ರಿ. ಈಗ ಲಿಂಗಂಪಲ್ಲಿ. ಮೂಲ ಸೇಡಂ ಕಡೆ."

"ನಮ್ಮಪ್ಪಾರೂ ಅದ ಕಡೆಯವ್ರು. ಇಲ್ಲೇ ಪಟಾನ್‌ಚೆರು ಫ್ಯಾಕ್ಟರಿಗೆ ಬಂದವ್ರು ಇಲ್ಲೇ ಉಳದ್ರು. ಅಂಜಬ್ಯಾಡ್ರಿ, ಗಾಡಿ ಬೀಳಂಗಿಲ್ಲ. ಈ ತಗ್ಗು ತೋಡಿಸಿದಾಂವ ನಾನ ಅದೀನಿ."

"ಇಂಥಾ ತಗ್ಗು ಯಾಕ ತೋಡಿಸಿದ್ರಿ?"

"ಸಿಕ್ಕೊಂಡವರನ್ನ ಹೊರಗ ತಗದು ತೋರಸಾಕ!"

ಅದು ಪಟಾನ್‌ಚೆರು ದಾಟಿದ ಮೇಲೆ ಸಿಗುವ ಬಯಲು. ಕಾಡು, ಹೊಲ, ಕೆಸರಿನಲ್ಲಿ ಓಡುವ ಗಾಡಿಗಳನ್ನು ಮಾರುವ ಶೋರೂಮಿನವರು ಗಿರಾಕಿಗಳಿಗೆಂದೇ ಅಲ್ಲಿ ದಿಬ್ಬ, ತಗ್ಗು, ರಾಡಿ ಎಲ್ಲ ಮಾಡಿಟ್ಟಿದ್ದರು. ಓಡಿಸಿ ತೋರಿಸುವ, ಕಲಿಸುವ ಕೆಲಸ ಗುರುಶಾಂತನದು.

ಅವನು ಪಕ್ಕದ ಸೀಟಿಗೆ ಹತ್ತಿ ಕುಳಿತ.

"ನೋಡ್ರಿ, ತಿರುವಿನ್ಯಾಗ ಹೊರಗಿನ ಚಕ್ರ ಭಾಳ ದೂರ ಹೋಗಬೇಕು, ಒಳಗಿಂದು ಕಡಿಮಿ. ಅದಕ್ಕ ಎರಡನ್ನೂ ಬ್ಯಾರೆ ಬ್ಯಾರೆ ಓಡಾಕ ಬಿಡೋ ಸಾಮಾನು ನಡುವ ಕುಂತಿರತೈತಿ. ಡಿಫರೆನ್ಷಿಯಲ್ ಅಂತಾರ. ರೋಡಿನ ಮ್ಯಾಲ ಭಾಳ ಶಾಣ್ಯಾ. ಇಲ್ಲಿ ಮಾತ್ರ ಶುದ್ಧ ಹುಚ್ಚ! ಯಾವ ಚಕ್ರ ಹಗುರ ತಿರಗತೈತಿ, ಬಲಾ ಎಲ್ಲಾ ಅದಕ್ಕ ಕೊಟ್ಟುಬಿಡತೈತಿ."

"ಅಂದ್ರ ಗಾಳ್ಯಾಗ ಇದ್ದದ್ದಕ್ಕ?"

"ಹೂಂನ್ರಿ. ಈಗ ಆ ಬಟನ್ ಒತ್ರಿ. ಅದು ಲಾಕರ್. ಹಿಂದಿನ ಎರಡೂ ಚಕ್ರ ಒಟ್ಟಿಗೇ ತಿರಗತಾವು, ಒಂದನ್ನ ಬಿಟ್ಟು ಒಂದು ಹೋಗಂಗಿಲ್ಲ. ಈಗ ಮೆಲ್ಲಕ... ಭಾಳ ಮೆಲ್ಲಕ..."

ಸ್ನೇಹಲತಾ ಬಟನ್ ಒತ್ತಿದಳು. ಎಲ್ಲೋ ಕೆಳಗೆ ಕಟ್ ಎಂದು ಸದ್ದಾಯಿತು. ಕಾಲನ್ನು ಹಗುರಾಗಿ ಇಟ್ಟಳು.

ಗಾಡಿ ಎದ್ದು ನಡೆದೇಬಿಟ್ಟಿತು! ಕೂಗಾಟವಿಲ್ಲ, ಜಗ್ಗಾಟವಿಲ್ಲ.

ಅವಳು ನಕ್ಕಳು. ಬಾಯಿ ಮುಚ್ಚಿಕೊಳ್ಳುವುದನ್ನೂ ಮರೆತು, ಹೊಟ್ಟೆಯಿಂದ ಬಂದ ನಗು. ಹೋದ ಮಳೆಗಾಲದಿಂದ ಅವಳು ಹಾಗೆ ನಕ್ಕಿರಲಿಲ್ಲ.

ಗುರುಶಾಂತ ಮುಂದಿನ ದಾರಿ ನೋಡುವುದು ಬಿಟ್ಟು ಅವಳನ್ನೇ ನೋಡುತ್ತಿದ್ದ. ಆ ಹುಡುಗನ ಕೆಲಸ ಅಲ್ಲಿಗೇ ಕೆಟ್ಟಿತು ಎಂದು ಬೇರೆ ಹೇಳಬೇಕೇ?

ಹಣೆಯ ಕೂದಲು ಸರಿಸಲು ಅವಳು ಕೈಯೆತ್ತಿದಳು. ಚೂಡಿದಾರದ ತೋಳು ಜಾರಿತು.

ಅವನ ಮುಖದ ನಗು ಹಾಗೇ ನಿಂತುಹೋಯಿತು.

ಅವನು ನೋಡಿದ್ದು ಏನನ್ನು? ಸ್ನೇಹಲತಾಳಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಅಮರೇಶಪ್ಪ ಏದುಸಿರು ಬಿಡುತ್ತ ಬಂದರು.

"ಹೆಂಗೈತಿ ಸ್ನೇಹಾ? ನೋಡ್ರೀ ಸಾಹೇಬ್ರ, ಮದುವಿ ಮನಿ ಗದ್ಲದಾಗ ಬಂದೀವಿ. ಐತವಾರ ಅಕ್ಕಿಕಾಳು. ಅದರೊಳಗ ಬುಕ್ ಆಗಿಬಿಡಬೇಕು. ಯಾವುದು ತಗೋಬೇಕು, ನೀವ ಹೇಳ್ರಿ."

ಗುರುಶಾಂತ ಗಾಡಿಯಿಂದ ಇಳಿದ. ಅವಳ ಕಡೆ ನೋಡಲಿಲ್ಲ.

"ಟಾಪ್ ಮಾಡೆಲ್ ತಗೋರಿ. ಸನ್‌ರೂಫ್ ಐತಿ, ದೊಡ್ಡ ಸ್ಕ್ರೀನ್ ಐತಿ, ಸೀಟು ಮೆತ್ತಗ ಅದಾವ. ಲಾಕರ್ ಬ್ಯಾಡ್ರಿ. ಅದು ನಿಮಗ ಉಪಯೋಗಕ್ಕ ಬರಂಗಿಲ್ಲ."

"ಈಗರ ಅದನ್ನ ಒತ್ತಿ ಹೊರಗ ಬಂದೆವಲ್ರಿ!" ಎಂದಳು ಸ್ನೇಹಲತಾ.

"ಅದು ತೋರಸಾಕ್ರಿ. ದಿನಾ ಯಾರು ತಗ್ಗಿನ್ಯಾಗ ಇಳೀತಾರ? ಚಂದ ಕಾಣೋದು, ಆರಾಮ ಇರೋದು ತಗೋರಿ."

ಹೇಳಿದವನೇ ತಿರುಗಿ ಇನ್ನೊಂದು ಗಾಡಿಯ ಕಡೆ ನಡೆದುಬಿಟ್ಟ.

ಅವಳ ಮುಖಕ್ಕೆ ಹೊಡೆದಂತಾಯಿತು. ಒಂದು ಕ್ಷಣದ ಹಿಂದೆ ಅಷ್ಟು ಸಮಾಧಾನದಿಂದ ಕಲಿಸಿದವನು ಇವನೇನಾ? ಹೆಣ್ಣು ಅಂದ ಕೂಡಲೇ ಸನ್‌ರೂಫ್, ಮೆತ್ತನೆ ಸೀಟು! ನಾನು ಡಾಕ್ಟರು, ದನದ ಡಾಕ್ಟರು ಎಂದು ಹೇಳಬೇಕೆಂದು ಬಾಯಿ ತೆರೆದಳು.

ಮುಚ್ಚಿದಳು. ಇವನಿಗೆ ಯಾಕೆ ಹೇಳಬೇಕು?

* * *

"ಅಪ್ಪಾ, ಯಾವುದರ ಮಾಡು. ನನಗ ತಲಿ ಕೆಟ್ಟೈತಿ," ಎಂದಳು ಮನೆಗೆ ಬಂದು.

ಅಮರೇಶಪ್ಪ ಲಿಂಗಂಪಲ್ಲಿ ಸ್ಟೇಷನ್ ಹತ್ತಿರ ತೊಗರಿಬೇಳೆ ವ್ಯಾಪಾರ ಮಾಡುವವರು. ತಲೆ ಕೆಡಿಸಿಕೊಳ್ಳಲು ಅವರಿಗೂ ಪುರುಸೊತ್ತಿರಲಿಲ್ಲ. ಮಗಳ ಫೋನ್ ತೆಗೆದುಕೊಂಡು, ಅವಳ ಹೆಸರು, ಅವಳ ನಂಬರು ಹಾಕಿ, ಟಾಪ್ ಮಾಡೆಲ್ ಬುಕ್ ಮಾಡಿದರು. ಬಣ್ಣ ಕೆಂಪು. ಅದು ಅಣ್ಣ ಮಹೇಶಕುಮಾರನ ಆಯ್ಕೆ. ಓಡಿಸುವವಳೊಬ್ಬಳನ್ನು ಬಿಟ್ಟು ಮನೆಯವರೆಲ್ಲ ಆ ಗಾಡಿಯ ಬಗ್ಗೆ ಏನಾದರೂ ಹೇಳಿದರು!

"ಮ್ಯಾಲ ಕಿಟಕಿ ಯಾಕಂತ? ಬಿಸಲು ಬೀಳಾಕ?" ಎಂದಳು ಅಜ್ಜಿ ಅಂಬವ್ವ. "ಲಾಕರ್ ಇರೋದನ್ನ ತಗೋಬಾರದಾ? ಮದುವಿ ಮನಿ ಬಂಗಾರ ಇಡಾಕ ಬರತಿತ್ತು."

"ಅಜ್ಜೀ, ಅದು ಬಂಗಾರ ಇಡೋದಲ್ಲ!"

"ನನಗೇನ ಗೊತ್ತ? ನನಗ ಗೊತ್ತಿರೋದು ಒಂದ. ಕಂಕಣ ಕಟ್ಟಿದ ಕೈ ಊರ ಸೀಮಿ ದಾಟಬಾರದು. ನೀನು ದಾಟಿ ಬಂದಿ."

"ಹೈದರಾಬಾದಿಗೆ ಸೀಮಿ ಎಲ್ಲೈತವ್ವಾ?" ಎಂದು ಅಮರೇಶಪ್ಪ ನಕ್ಕರು. "ಪಟಾನ್‌ಚೆರುತನಕಾ ಎಲ್ಲಾ ಒಂದ ಊರು ಆಗೇತಿ."

ಅಂಬವ್ವ ನಗಲಿಲ್ಲ. ತಾಯಿಯಿಲ್ಲದ ಆ ಮನೆಯಲ್ಲಿ ಶಾಸ್ತ್ರ ಸಂಪ್ರದಾಯವೆಲ್ಲ ಅವಳ ಹೆಗಲ ಮೇಲಿತ್ತು.

ಈಗ ಓದುಗರಿಗೆ ಒಂದು ಮಾತು ಹೇಳಿಬಿಡಬೇಕು. ಐತವಾರದ ಮದುವೆ ಸ್ನೇಹಲತಾಳದಲ್ಲ! ಅವಳ ಅಣ್ಣ ಮಹೇಶಕುಮಾರನದು. ಅವಳು ಕಳಸಗಿತ್ತಿ. ಮದುಮಗನ ತಂಗಿ ಕೈಯಲ್ಲಿ ಕಳಸ ಹಿಡಿದು, ಮದುವೆ ಮುಗಿಯುವ ತನಕ ಅವನ ಬೆನ್ನ ಹಿಂದೆ ನಿಲ್ಲಬೇಕು. ಇವರ ಮನೆತನದಲ್ಲಿ ಮದುಮಗನಿಗೆ ಅರಿಶಿನ ಹಚ್ಚುವಾಗ ಕಳಸಗಿತ್ತಿಗೂ ಹಚ್ಚುತ್ತಾರೆ. ಅವನಿಗೆ ಕಂಕಣ ಕಟ್ಟಿದರೆ ಅವಳಿಗೂ ಕಟ್ಟುತ್ತಾರೆ. ಹಳದಿ ದಾರ, ಅದರಲ್ಲೊಂದು ಅರಿಶಿನದ ಕೊಂಬು.

ಸೇಡಂ ಕಡೆಯ ಹಳ್ಳಿಯಲ್ಲಿ ಬೆಳೆದವರಿಗೆ ಇದು ನೋಡಿದ ಕೂಡಲೇ ತಿಳಿಯುತ್ತಿತ್ತು. ಆದರೆ ಗುರುಶಾಂತ ಬೆಳೆದದ್ದು ಪಟಾನ್‌ಚೆರುವಿನ ಕಾಲೊನಿಯಲ್ಲಿ. ಅವನು ಹತ್ತಿರದಿಂದ ಕಂಡ ಒಂದೇ ಮದುವೆ ಅವನ ಅಕ್ಕ ರೇಣುಕಾಳದು. ಅಲ್ಲಿ ಕಂಕಣ ಇದ್ದದ್ದು ಅಕ್ಕನ ಕೈಯಲ್ಲಿ, ಭಾವನ ಕೈಯಲ್ಲಿ ಮಾತ್ರ. ಕಳಸಗಿತ್ತಿ ಎಂಬ ಹೆಸರನ್ನೇ ಅವನು ಕೇಳಿರಲಿಲ್ಲ.

ಅರಿಶಿನದ ಕೈ, ಕಂಕಣ, ಐತವಾರ ಮದುವೆ, ಗಾಡಿ ಕೊಡಿಸಲು ಬಂದ ತಂದೆ. ಎಲ್ಲ ಕೂಡಿಸಿದ. ಅಳಿಯನಿಗೆ ಕೊಡುವ ಗಾಡಿ ಎಂದುಕೊಂಡ. ಆ ಅಳಿಯ ಹೈಟೆಕ್ ಸಿಟಿಯಿಂದ ಮನೆಗೆ, ಮನೆಯಿಂದ ಮಾಲಿಗೆ ಓಡಿಸುವವನು ಎಂದೂ ತಾನೇ ತೀರ್ಮಾನಿಸಿದ. ಅಂಥವನಿಗೆ ಲಾಕರ್ ಯಾಕೆ?

ನೋಡಿ, ಗಂಡಸರು ಒಂದು ಮಾತು ಕೇಳಿದ್ದರೆ ಎಷ್ಟು ಕಥೆಗಳು ಹುಟ್ಟುತ್ತಲೇ ಇರಲಿಲ್ಲ!

* * *

ಶುಕ್ರವಾರ ಮಧ್ಯಾಹ್ನ. ಹೆಂಗಸರೆಲ್ಲ ಅಂಗಳದಲ್ಲಿ ಶ್ಯಾವಿಗೆ ಹುಗ್ಗಿಯ ಮಾತಿನಲ್ಲಿದ್ದರು. ಸ್ನೇಹಲತಾ ತಾರಸಿಯ ಮೇಲೆ ಹೋಗಿ ಫೋನ್ ಹಿಡಿದು ನಿಂತಳು.

ಮಾಡಲೋ... ಬೇಡವೋ...

ಗಾಡಿಯ ಬಗ್ಗೆ ಕೇಳಲು ಮಾಡುತ್ತಿದ್ದೇನೆ, ಬೇರೇನಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಬುಕಿಂಗ್ ಚೀಟಿಯಲ್ಲಿದ್ದ ಗುರುಶಾಂತನ ನಂಬರು ಒತ್ತಿದಳು.

"ಹಲೋ... ಗುರುಶಾಂತ್ ಅವ್ರಾ? ನಾನು ಸ್ನೇಹಲತಾ. ತಗ್ಗಿನ್ಯಾಗ..."

"ಗೊತ್ತಾತ್ರಿ." ಅಷ್ಟು ಬೇಗ ಉತ್ತರ ಬಂತೆಂದು ಅವಳಿಗೇ ಆಶ್ಚರ್ಯ. "ಹೇಳ್ರಿ ಮೇಡಂ."

"ಲಾಕರ್ ನನಗ ಯಾಕ ಬ್ಯಾಡ ಅಂದ್ರಿ? ನಾನು ಎಲ್ಲಿ ಓಡಸ್ತೀನಿ ಅಂತ ಒಂದು ಮಾತರ ಕೇಳಿದ್ರೇನು?"

"ನೀವು ಓಡಸ್ತೀರಾ?"

"ಮತ್ಯಾರು ಓಡಸ್ತಾರ್ರಿ? ನಾನು ದನದ ಡಾಕ್ಟರು!"

ಆಮೇಲೆ ಅವಳು ಯಾರಿಗೂ ಹೇಳದ್ದನ್ನು ಅವನಿಗೆ ಹೇಳಿಬಿಟ್ಟಳು. ಹೋದ ಮಳೆಗಾಲದ ಮಾತು. ಜಹೀರಾಬಾದ್ ಕಡೆಯ ಹಳ್ಳಿ. ಹುಸೇನಮ್ಮನ ಎಮ್ಮೆ ಈಯಲಾರದೆ ಒದ್ದಾಡುತ್ತಿತ್ತು. ಫೋನ್ ಬಂದ ಕೂಡಲೇ ಸ್ನೇಹಲತಾ ತನ್ನ ಸಣ್ಣ ಕಾರಿನಲ್ಲಿ ಹೊರಟಿದ್ದಳು. ಹೊಲದ ದಾರಿ, ಕರಿಮಣ್ಣು. ಕಾರು ಹೂತುಹೋಯಿತು. ಅದನ್ನು ಅಲ್ಲೇ ಬಿಟ್ಟು, ಔಷಧದ ಚೀಲ ತಲೆಯ ಮೇಲಿಟ್ಟುಕೊಂಡು, ಮೊಣಕಾಲುದ್ದದ ರಾಡಿಯಲ್ಲಿ ನಡೆದಳು. ಮುಟ್ಟುವಷ್ಟರಲ್ಲಿ ಎಮ್ಮೆಯೂ ಇರಲಿಲ್ಲ, ಕರುವೂ ಇರಲಿಲ್ಲ.

"ಬೈಲಿಲ್ರಿ ಆಕಿ..." ಎಂದಳು ಸ್ನೇಹಲತಾ. "ಬೈದಿದ್ರ ಛಲೋ ಇತ್ತು. ಒಂದು ಕೊಡ ನೀರು ತಂದು ನನ್ನ ಕಾಲಿನ ರಾಡಿ ತೊಳದ್ಳು. ಎಮ್ಮಿ ಕಳಕೊಂಡಾಕಿ, ನನ್ನ ಕಾಲು ತೊಳದ್ಳು ನೋಡ್ರಿ!"

ಈಗ ಅವನ ಧ್ವನಿಯೇ ಬೇರೆಯಾಗಿತ್ತು. ಬಯಲಿನಲ್ಲಿ ಕೇಳಿದ ಅದೇ ಧ್ವನಿ.

"ತಪ್ಪಾತ್ರಿ ನಂದು. ಟಾಪ್ ಮಾಡೆಲ್ ನಿಮಗ ಬ್ಯಾಡ. ನಡುವಿನ ಮಾಡೆಲ್ ತಗೋರಿ. ಸ್ಕ್ರೀನ್ ಸಣ್ಣದು, ಸೀಟು ಬಟ್ಟೀದು. ಬಟ್ಟಿಗೆ ರಾಡಿ ಹತ್ತಿದ್ರ ತೊಳೀಬಹುದು. ಹಿಂದಿನ ಲಾಕರ್ ಹಾಕಸ್ರಿ. ಆದ್ರ ಒಂದು ಮಾತು... ಕರಿಮಣ್ಣಿನ್ಯಾಗ ಲಾಕರ್ ಒಂದರಿಂದ ಆಗಂಗಿಲ್ಲ. ಟಯರಿನ ಹಲ್ಲಿನ್ಯಾಗ ಮಣ್ಣು ತುಂಬಿತಂದ್ರ ಎರಡೂ ಚಕ್ರ ಒಟ್ಟಿಗೇ ಜಾರತಾವು. ರಾಡಿ ಟಯರೂ ಹಾಕಸಬೇಕು."

"ಹಾಕಸ್ತೀನ್ರಿ!"

"ತಿರುವಿನ್ಯಾಗ ಲಾಕರ್ ತಗೀಬೇಕು. ಇಲ್ಲಂದ್ರ ಗಾಡಿ ನಿಮ್ಮ ಮಾತು ಕೇಳಂಗಿಲ್ಲ, ನೆಟ್ಟಗ ಹೊಂಟುಬಿಡತೈತಿ. ತಗ್ಗು ಬರೋಕಿಂತ ಮೊದಲ ಹಾಕಬೇಕು, ದಾಟಿದ ಮ್ಯಾಲ ತಗೀಬೇಕು. ನಾನು ಕಲಸ್ತೀನಿ..." ಎಂದವನು ತಡೆದ. "ಅಂದ್ರ... ನಮ್ಮಲ್ಲಿ ಯಾರರ ಕಲಸ್ತಾರ."

ಯಾರಾದರೂ ಯಾಕೆ? ನೀವೇ ಕಲಿಸಬಾರದೇ? ನಾಲಿಗೆಯ ತುದಿಗೆ ಬಂದ ಮಾತನ್ನು ಅವಳು ನುಂಗಿಕೊಂಡಳು.

"ಒಂದು ಕೇಳ್ಲೇನ್ರಿ?" ಎಂದ ಅವನು. "ಮದುವಿ ಆದ ಮ್ಯಾಲ ಈ ಕೆಲಸ ಮಾಡಾಕ ಬಿಡ್ತಾರಾ?"

ಇದೆಂಥಾ ಪ್ರಶ್ನೆ! ಎಲ್ಲ ಗಂಡಸರ ಹಾಗೆ ಇವನೂ! ಅವಳಿಗೆ ಸಿಟ್ಟು ನೆತ್ತಿಗೇರಿತು.

"ಬಿಡದವರ ಮನಿಗೆ ನಾನು ಹೋಗೋದೂ ಇಲ್ರಿ!"

"ಹಂಗಾದ್ರ ಛಲೋ ಮನಷಾನ ಸಿಕ್ಕಾನ. ಪುಣ್ಯಾವಂತ," ಎಂದ ಅವನು ಮೆಲ್ಲಗೆ.

ಯಾರು? ಯಾರಿಗೆ ಸಿಕ್ಕಾನೆ?

"ಆರ್ಡರ್ ಐತವಾರ ಸಂಜಿಗೆ ಕಾರ್ಖಾನಿಗೆ ಹೋಗತೈತ್ರಿ. ಆಮ್ಯಾಲ ಬದಲಿ ಆಗಂಗಿಲ್ಲ. ನಾನು ಮ್ಯಾಲಿನವ್ರಿಗೆ ಹೇಳಿ ಬದಲಿ ಮಾಡಸ್ತೀನಿ. ನಿಮ್ಮ ಫೋನಿಗೆ ಓಟಿಪಿ ಬರತೈತಿ, ಅದನ್ನ ಹೇಳಿದ್ರ ಸಾಕು. ಫೋನು... ನಮ್ಮ ಆಫೀಸಿನವ್ರು ಯಾರರ ಮಾಡ್ತಾರ. ನಾನು ಮಾಡಂಗಿಲ್ಲ. ಸುಖವಾಗಿರ್ರಿ."

ಕರೆ ಕಡಿಯಿತು.

ಸ್ನೇಹಲತಾ ಫೋನನ್ನೇ ನೋಡುತ್ತ ನಿಂತಳು. ಗಾಡಿಯ ವಿಷಯ ಈಗ ಕನ್ನಡಿಯಷ್ಟು ಸ್ಪಷ್ಟವಾಗಿತ್ತು. ಮಿಕ್ಕಿದ್ದೆಲ್ಲ ಗೊಂದಲ! ಟಯರಿನ ಹಲ್ಲಿನ ತನಕ ನನ್ನ ಬಗ್ಗೆ ಯೋಚಿಸಿದವನು, ನನಗೆ ಫೋನ್ ಮಾಡುವುದಿಲ್ಲವೆಂದು ಯಾಕೆ ಹೇಳುತ್ತಾನೆ? ನಾನು ಏನು ತಪ್ಪು ಮಾಡಿದೆ? 'ಸುಖವಾಗಿರ್ರಿ' ಅಂತ ಯಾಕೆ ಅಂದ? ಊರು ಬಿಟ್ಟು ಹೋಗುವವರಿಗೆ ಹೇಳಿದ ಹಾಗೆ!

ಕಣ್ಣೀರು ಬಂತು. ಒರೆಸಿಕೊಂಡರೆ ಕೆನ್ನೆಯೆಲ್ಲ ಅರಿಶಿನ.

"ಕಂಕಣ ಕಟ್ಟಿದಾಕಿ ತಾರಸಿ ಮ್ಯಾಲ ನಿಂತು ಅಳತಾಳ!" ಹಿಂದೆ ಬಂದು ನಿಂತಿದ್ದ ಅಂಬವ್ವ ಫೋನು ಕಸಿದುಕೊಂಡಳು. "ಐತವಾರ ಸಂಜಿತನಕಾ ಇದು ನನ್ನ ಹಂತ್ಯಾಕ ಇರತೈತಿ."

"ಅಜ್ಜೀ! ಓಟಿಪಿ ಬರತೈತಿ!"

"ಯಾರರ ಬರಲಿ. ಮದುವಿಗೆ ಬಂದವ್ರು ಉಂಡು ಹೋಗಲಿ."

ಫೋನು ಅಂಬವ್ವನ ಎಲೆಯಡಿಕೆ ಸಂಚಿ ಸೇರಿತು.

* * *

ಐತವಾರ. ಲಿಂಗಂಪಲ್ಲಿಯ ಮದುವೆ ಹಾಲ್. ವಾಲಗ, ಹೂವು, ಮಕ್ಕಳ ಕೂಗಾಟ. ಅರ್ಧ ಜನ ಕನ್ನಡ, ಅರ್ಧ ಜನ ತೆಲುಗು, ಅಡುಗೆಯವರು ಹಿಂದಿ.

ಶೋರೂಮಿನವರು ಬೆಳಗಿನಿಂದ ಸ್ನೇಹಲತಾಳಿಗೆ ಫೋನ್ ಮಾಡುತ್ತಲೇ ಇದ್ದರು. ಫೋನು ಸಂಚಿಯಲ್ಲಿ ಅಡಿಕೆಯ ಜೊತೆ ಗುಂಯ್‌ಗುಟ್ಟುತ್ತಿತ್ತು. ಅಂಬವ್ವನಿಗೆ ಮೊದಲೇ ಕಿವಿ ಮಂದ. ಅಮರೇಶಪ್ಪನವರ ಫೋನು ಚಾರ್ಜಿಲ್ಲದೆ ಸತ್ತಿತ್ತು.

"ಉತ್ತರಾ ಇಲ್ಲ. ಕೆಂಪು ಟಾಪ್ ಮಾಡೆಲ್ಲೇ ಹೋಗಲಿ ಬಿಡು," ಎಂದಿದ್ದರು ಶೋರೂಮಿನ ಮೇಲಿನವರು.

ಗುರುಶಾಂತನಿಗೆ ಬಿಡಲಾಗಲಿಲ್ಲ. ಆ ಮದುವೆ ನೋಡಬಾರದೆಂದು ಅವನು ತನಗೆ ತಾನೇ ಆಣೆ ಹಾಕಿಕೊಂಡಿದ್ದ. ಆದರೆ ಮುಂದಿನ ಮಳೆಗಾಲದಲ್ಲಿ ಆ ಹುಡುಗಿ ಸನ್‌ರೂಫಿನ ಗಾಡಿಯಲ್ಲಿ ಕರಿಮಣ್ಣಿಗೆ ಸಿಕ್ಕಿಕೊಂಡು, ಮತ್ತೆ ಚೀಲ ತಲೆಯ ಮೇಲಿಟ್ಟುಕೊಂಡು ನಡೆಯುವುದು ಕಣ್ಣ ಮುಂದೆ ಬರುತ್ತಿತ್ತು. ಅವಳು ಯಾರ ಹೆಂಡತಿಯಾದರೂ ಆಗಲಿ, ಗಾಡಿ ಮಾತ್ರ ಸರಿಯಾಗಿರಲಿ!

ಬುಕಿಂಗಿನಲ್ಲಿದ್ದ ಮನೆಯ ವಿಳಾಸಕ್ಕೆ ಹೋಗಿ, ಅಲ್ಲಿ ಕೇಳಿಕೊಂಡು, ಅವನು ಮದುವೆ ಹಾಲ್‌ನ ಹಿಂದಿನ ಬಾಗಿಲಲ್ಲಿ ಬಂದು ನಿಂತ.

ವೇದಿಕೆಯ ಮೇಲೆ ಅವಳು. ಹಣೆಗೆ ಹೂವಿನ ದಂಡೆ, ಕೆನ್ನೆಗೆ ಅರಿಶಿನ, ಕೈಯಲ್ಲಿ ಕಳಸ. ಅವಳ ಮುಂದೆ, ಹತ್ತಿಕೊಂಡೇ, ಬಾಸಿಂಗ ಕಟ್ಟಿಕೊಂಡ ಮದುಮಗ; ಅವನ ಆಚೆಗಿದ್ದವರು ಜನರ ನಡುವೆ ಕಾಣಿಸಲಿಲ್ಲ. ವಾಲಗ ಜೋರಾಯಿತು. ಎಲ್ಲರೂ ಅಕ್ಕಿಕಾಳು ಎರಚಿದರು. ಗುರುಶಾಂತ ತಲೆ ತಗ್ಗಿಸಿ ತನ್ನ ಬೂಟನ್ನೇ ನೋಡಿದ. ಯಾರೋ ಕೈಗಿಟ್ಟಿದ್ದ ಅಕ್ಕಿಕಾಳು ಅವನ ಮುಷ್ಟಿಯಲ್ಲೇ ಉಳಿದವು.

ಕಳಸ ಹಿಡಿದಿದ್ದ ಸ್ನೇಹಲತಾ ಅವನನ್ನು ಕಂಡಳು.

ಅವನು! ಫೋನ್ ಮಾಡುವುದಿಲ್ಲ ಎಂದವನು ಇಲ್ಲಿಗೇ ಬಂದಿದ್ದಾನೆ! ಮುಖ ಯಾಕೆ ಹಾಗೆ ಬಾಡಿದೆ?

ಅಕ್ಕಿಕಾಳು ಮುಗಿದು ಜನ ಊಟದ ಕಡೆ ನುಗ್ಗಿದಾಗ ಅವಳು ಕಳಸ ಹಿಡಿದುಕೊಂಡೇ ಕೆಳಗಿಳಿದು ಬಂದಳು.

"ನೀವು... ಇಲ್ಲಿ?"

"ಕ್ಷಮಾ ಮಾಡ್ರಿ," ಎಂದ ಗುರುಶಾಂತ, ನೆಲ ನೋಡುತ್ತ. "ಇಂಥಾ ದಿನಾ ಬರಬಾರದಾಗಿತ್ತು. ಒಂದು ಓಟಿಪಿ ಬೇಕಿತ್ರಿ. ಹೇಳಿಬಿಡ್ರಿ, ಹೋಗಿಬಿಡ್ತೀನಿ. ನಿಮ್ಮ ಯಜಮಾನ್ರು ಕಾಯಾಕತ್ತಾರ."

"ನಮ್ಮ... ಯಾರು?"

"ಮದುಮಗ..." ಅವನು ವೇದಿಕೆಯ ಕಡೆ ಕೈ ತೋರಿದ. ಕೈ ಅಲ್ಲೇ ನಿಂತಿತು.

ವೇದಿಕೆಯ ಮೇಲೆ ಮದುಮಗ ಮಹೇಶಕುಮಾರ ಬಾಸಿಂಗ ಕಟ್ಟಿಕೊಂಡ ಇನ್ನೊಂದು ಹುಡುಗಿಯ ಕೈ ಹಿಡಿದು ನಗುತ್ತಿದ್ದ! ಗುರುಶಾಂತ ಅವಳನ್ನು ನೋಡಿದ. ಇವಳನ್ನು ನೋಡಿದ. ಮತ್ತೆ ಅವಳನ್ನು ನೋಡಿದ. ಪಾಪ, ಅವನ ತಲೆಯಲ್ಲಿ ನಾಲ್ಕೂ ಚಕ್ರ ಗಾಳಿಯಲ್ಲಿದ್ದವು.

"ಆಕಿ... ಯಾರು?"

"ನಮ್ಮ ವೈನಿ! ಅಂವ ನಮ್ಮಣ್ಣ!"

"ಮತ್ತ ನಿಮ್ಮ ಕೈಯಾಗ ಕಂಕಣ? ಈ ದಂಡಿ? ಅರಷಿಣ?"

ಆಗ ಅವಳಿಗೆ ಎಲ್ಲ ಒಟ್ಟಿಗೇ ಹೊಳೆಯಿತು. ಜಾರಿದ ತೋಳು... ನಿಂತುಹೋದ ನಗು... 'ಬಿಡ್ತಾರಾ' ಎಂದ ಪ್ರಶ್ನೆ... 'ಪುಣ್ಯಾವಂತ'... 'ಸುಖವಾಗಿರ್ರಿ'!

"ನಾನು ಕಳಸಗಿತ್ತಿ, ರೀ!" ಅವಳು ನಕ್ಕಳೋ ಅತ್ತಳೋ ಅವಳಿಗೇ ತಿಳಿಯಲಿಲ್ಲ. "ಮದುಮಗನ ತಂಗೀಗೂ ಕಟ್ತಾರ್ರಿ ನಮ್ಮಲ್ಲಿ! ನಂದು ಮದುವಿ ಅಂತ ತಿಳಕೊಂಡಿದ್ರಾ? ಅದಕ್ಕ ಮಾರಿ ತಿರುವಿದ್ರಾ?"

ಅವನು ಗೋಡೆಗೆ ಒರಗಿ ನಿಂತುಬಿಟ್ಟ. ಮುಷ್ಟಿ ಬಿಚ್ಚಿತು. ಅಕ್ಕಿಕಾಳು ನೆಲಕ್ಕೆ ಬಿದ್ದವು.

"ಮತ್ತೇನು ಮಾಡಲ್ರಿ? ತಗ್ಗಿನಿಂದ ಮ್ಯಾಲ ಬಂದಾಗ ನೀವು ನಕ್ಕಿರಲ್ಲ... ಆ ನಗಿ ನೋಡಿದ ಮ್ಯಾಲ ನನಗ ನೀವಾ ಬೇಕು ಅನಸಿತ್ತು. ಕಂಕಣ ನೋಡಿದೆ, ಎದಿ ಒಡದು ಹೋತು. ಬ್ಯಾರೆಯವ್ರ ಹೆಣಮಗಳ ಮ್ಯಾಲ ಮನಸ ಇಡಬಾರದಂತ ದೂರ ಹ್ವಾದೆ."

ಸ್ನೇಹಲತಾಳ ಕಣ್ಣು ತುಂಬಿ ಬಂತು. ನನ್ನನ್ನು ಇನ್ನೊಬ್ಬರ ಹೆಂಡತಿ ಎಂದುಕೊಂಡೂ, ನನ್ನ ಗಾಡಿ ಸರಿಯಾಗಲೆಂದು ಈ ಮದುವೆ ನೋಡಲು ಬಂದನಲ್ಲ ಇವನು!

"ನೋಡಬಾರದ ಮದುವಿ ನೋಡಾಕ, ಒಂದು ಓಟಿಪಿಗಾಗಿ ಬಂದ್ರಾ?"

"ನಿಮ್ಮ ಕಾಲು ಮತ್ತ ರಾಡ್ಯಾಗ ಹೂಳಬಾರದಂತ ಬಂದೆ."

ಅವಳು ಕಳಸವನ್ನು ಎದೆಗೆ ಒತ್ತಿಕೊಂಡಳು.

"ಯಾರಿಂವ?" ಸಂಚಿ ಹಿಡಿದ ಅಂಬವ್ವ ಅಲ್ಲಿಗೇ ಬಂದಳು. ಹುಡುಗನನ್ನು ನೋಡಿದಳು. ಮೊಮ್ಮಗಳ ಕಣ್ಣು ನೋಡಿದಳು. ಎಷ್ಟೋ ಮದುವೆ ಮಾಡಿಸಿದ ಮುದುಕಿ, ಕಿವಿ ಮಂದವಾದರೂ ಕಣ್ಣು ಮಂದವಲ್ಲ!

"ಅಜ್ಜೀ, ಫೋನು ಕೊಡು. ಓಟಿಪಿ ಬಂದೈತಿ."

"ಇಂವನ ಏನು ಓಟಿಪಿ?" ಎಂದು ಅಂಬವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಉಂಡಿಯೇನಪ್ಪಾ? ಮೊದಲ ಉಣ್ಣು. ಕಂಕಣ ಬಿಚ್ಚೋತನಕಾ ಆಕಿ ಕೂಡ ನಿಂತು ಮಾತಾಡೋದು ಬ್ಯಾಡ. ನಾಳೆ ಕಂಕಣ ಬಿಚ್ತೀವಿ. ನಾಡದ ನಿಮ್ಮ ಹಿರೇರನ್ನ ಕರಕೊಂಡು ಮನಿಗೆ ಬಾ."

ಸ್ನೇಹಲತಾ ನಾಚಿ ಕೆಂಪಾದಳು. ಸಂಚಿಯಿಂದ ಬಂದ ಫೋನಿಗೆಲ್ಲ ಸುಣ್ಣ. ಅದನ್ನು ಒರೆಸಿ, ಆಗ ಹೊಸದಾಗಿ ಬಂದ ಓಟಿಪಿಯ ಅಂಕಿಗಳನ್ನು ಒಂದೊಂದೇ ಓದಿ ಹೇಳಿದಳು. ಗುರುಶಾಂತನ ಬೆರಳು ಎರಡು ಸಲ ತಪ್ಪಾಗಿ ಒತ್ತಿತು.

ಮೂರನೆಯ ಸಲ ಆರ್ಡರ್ ಬದಲಾಯಿತು. ನಡುವಿನ ಮಾಡೆಲ್, ಹಿಂದಿನ ಲಾಕರ್, ರಾಡಿ ಟಯರು. ಬಣ್ಣ ಮಾತ್ರ ಕೆಂಪೇ ಉಳಿಯಿತು. ಅಣ್ಣನ ಮದುವೆಯ ದಿನ ಅಷ್ಟನ್ನಾದರೂ ಬಿಟ್ಟುಕೊಡಬೇಕಲ್ಲ!

* * *

ಗಾಡಿ ಬಂದಾಗ ಮುಂಗಾರು ಹಿಡಿದಿತ್ತು. ಅಷ್ಟರಲ್ಲಿ ಅಕ್ಕ ರೇಣುಕಾ ತಮ್ಮನನ್ನು ಕರೆದುಕೊಂಡು ಲಿಂಗಂಪಲ್ಲಿಗೆ ಬಂದು, ಮಾತು ಮುಗಿಸಿ, ಸಕ್ಕರೆ ಹಂಚಿ ಹೋಗಿದ್ದಳು. ಮುಹೂರ್ತ ಮಾತ್ರ ಅಂಬವ್ವನಿಗೆ ಒಂದೂ ಪಸಂದ್ ಆಗುತ್ತಿರಲಿಲ್ಲ.

ಆ ಬೆಳಿಗ್ಗೆ ಹುಸೇನಮ್ಮನ ಫೋನ್ ಬಂತು. ಅವಳ ಹೊಸ ಎಮ್ಮೆಗೆ ಹೆರಿಗೆ ನೋವು, ಕರು ಅಡ್ಡ ತಿರುಗಿದೆ. ರಾತ್ರಿಯೆಲ್ಲ ಮಳೆ.

ಗುರುಶಾಂತ ಪಕ್ಕದ ಸೀಟಿನಲ್ಲಿದ್ದ. ಹೊಲದ ದಾರಿ ಬಂದ ಕೂಡಲೇ ಅವಳು ಗಾಡಿ ನಿಲ್ಲಿಸಿದಳು. ಎದುರಿಗೆ ಅದೇ ತಗ್ಗು. ಕಾರು ಹೂತ ತಗ್ಗು.

"ಲಾಕರ್ ಹಾಕಲಾ? ಅಲ್ಲಿ ಮುಂದ ತಿರುವು ಐತಿ... ಹಾಕಬಾರದಾ? ನೀವ ಹೇಳ್ರಿ!"

"ನಾನು ಹೇಳಂಗಿಲ್ಲ. ಈ ಮಣ್ಣು ನನಗಿಂತ ನಿಮಗ ಗೊತ್ತೈತಿ."

ಅವಳು ಇಳಿದಳು. ಬೇವಿನ ಕೋಲಿನಿಂದ ರಾಡಿಯ ಆಳ ನೋಡಿದಳು. ಮತ್ತೆ ಹತ್ತಿ, ಉಸಿರೆಳೆದುಕೊಂಡು ಬಟನ್ ಒತ್ತಿದಳು. ಕಟ್!

ಗಾಡಿ ತಗ್ಗಿಗಿಳಿಯಿತು. ಒಂದು ಚಕ್ರ ಜಾರಿತು. ಇನ್ನೊಂದು ಕಚ್ಚಿ ಹಿಡಿಯಿತು. ಮೆಲ್ಲಗೆ... ಭಾಳ ಮೆಲ್ಲಗೆ... ಆಚೆ ದಡ! ತಿರುವಿಗೆ ಮೊದಲೇ ಅವಳು ಲಾಕರ್ ತೆಗೆದಳು. ಇಷ್ಟು ಹೊತ್ತು ಗುರುಶಾಂತನೂ ಉಸಿರು ಹಿಡಿದಿದ್ದನೆಂದು ಅವಳಿಗೆ ಆಗ ತಿಳಿಯಿತು.

ಆಮೇಲಿನ ಕೆಲಸ ಅವಳದು. ಅವನು ಬಕೆಟ್ ಹಿಡಿದ, ಹಗ್ಗ ಹಿಡಿದ, ಹೇಳಿದಲ್ಲಿ ನಿಂತ. ಕರು ನೆಲಕ್ಕೆ ಬಿದ್ದು, ಸೀನಿ, ಕಿವಿ ಕೊಡವಿತು. ಎಮ್ಮೆ ತಿರುಗಿ ಅದನ್ನು ನೆಕ್ಕತೊಡಗಿತು. ಸ್ನೇಹಲತಾ ಗೋಡೆಗೊರಗಿ ಕುಳಿತು ಅತ್ತೇಬಿಟ್ಟಳು.

ಹುಸೇನಮ್ಮ ಒಂದು ಕೊಡ ನೀರು ತಂದಳು. ಬಗ್ಗಿ ಡಾಕ್ಟರಮ್ಮನ ಕಾಲಿಗೆ ನೀರು ಹಾಕಿದಳು. ಆಮೇಲೆ ತಲೆಯೆತ್ತಿ ಹುಡುಗನನ್ನು ನೋಡಿದಳು.

"ನೀನೂ ಬಾರಪ್ಪಾ. ಆಕಿ ಬಾಜೂಕ ನಿಂದ್ರು."

ಇಬ್ಬರೂ ಅಕ್ಕಪಕ್ಕ ನಿಂತರು. ಒಂದೇ ಕೊಡದ ನೀರು ಇಬ್ಬರ ಕಾಲ ಮೇಲೂ ಬಿತ್ತು. ಕರಿಮಣ್ಣು ಕರಗಿ ಹರಿಯಿತು. ಮದುವೆಯಲ್ಲಿ ಮಗಳ, ಅಳಿಯನ ಕಾಲು ತೊಳೆಯುವ ಹಾಗೇ ಹುಸೇನಮ್ಮ ನಿಧಾನವಾಗಿ ತೊಳೆದಳು.

"ಮುಹೂರ್ತ ಇನ್ನ ಸಿಕ್ಕಿಲ್ಲ, ಇಲ್ಲಿ ಕಾಲು ತೊಳದೂ ಆತಲ್ರಿ," ಎಂದು ಪಿಸುಗುಟ್ಟಿದ ಗುರುಶಾಂತ.

ಸ್ನೇಹಲತಾ ಒದ್ದೆ ಕಣ್ಣಲ್ಲೇ ನಕ್ಕಳು. ಅದೇ ನಗು.

"ಒಂದು ಮಾತು ಕೊಡ್ರಿ. ಈ ಸಲ ನನ್ನ ಕೈಯಾಗ ಕಂಕಣ ನೋಡಿ ಮತ್ತ ಮಾರಿ ತಿರುವಿ ಹೋಗಬ್ಯಾಡ್ರಿ."

ಅವನು ಅವಳ ಖಾಲಿ ಮಣಿಕಟ್ಟನ್ನು ಮೆಲ್ಲಗೆ ಹಿಡಿದ.

"ಹೆಂಗ ಹೋಗಲ್ರಿ? ಈ ಸಲ ನನ್ನ ಕೈಯಾಗೂ ಒಂದು ಇರತೈತಲ್ಲ."